ಪೋಷಕ ಪಾತ್ರದ ಪಾಠ

ಮುಂದಿನ ಸ್ಥಾನದ ಮೋಹ ಮನುಷ್ಯನನ್ನು ಸುಲಭವಾಗಿ ಬಿಡುವುದಿಲ್ಲ. ಸಭೆಯ ವೇದಿಕೆಯಲ್ಲಿ ತನ್ನ ಕುರ್ಚಿ ಎಲ್ಲಿದೆ, ಆಮಂತ್ರಣ ಪತ್ರಿಕೆಯಲ್ಲಿ ತನ್ನ ಹೆಸರು ಎಷ್ಟನೆಯ ಸಾಲಿನಲ್ಲಿ ಅಚ್ಚಾಗಿದೆ, ಶಿಲಾಫಲಕದಲ್ಲಿ ಯಾರ ಹೆಸರಿನ ಕೆಳಗೆ ತನ್ನ ಹೆಸರು ಬಂದಿದೆ ಎಂಬ ಲೆಕ್ಕಾಚಾರದಲ್ಲಿ ಎಷ್ಟೋ ಒಳ್ಳೆಯ ಕಾರ್ಯಗಳು ಕಹಿಯಾಗಿ ಮುಗಿದಿರುವುದುಂಟು. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಮಾನವು ಸದ್ದಿಲ್ಲದೆ ಒಳಹೊಗುವಂಥದು. ಕ್ರೋಧ ಮುಖದಲ್ಲಿ ಕಾಣಿಸಿಕೊಳ್ಳುತ್ತದೆ. ಮಾನವಾದರೋ ಸೇವೆಯ ವೇಷದಲ್ಲಿಯೂ ಬರಬಲ್ಲದು.

ಈ ಮೋಹವೇ ಬಂಡವಾಳವಾಗಿರುವ ಕ್ಷೇತ್ರ ಚಿತ್ರರಂಗ. ಅಲ್ಲಿ ಮುಖವೇ ಸರಕು, ಹೆಸರೇ ಬೆಲೆ. ಅಂಥಲ್ಲಿಯೂ ನಾಯಕನ ಪಕ್ಕದಲ್ಲಿ ನಿಂತು, ನಾಯಕನ ಮಾತಿಗೆ ಕಿವಿಗೊಟ್ಟು, ಅವನ ಪಾತ್ರ ಬೆಳಗುವಂತೆ ತನ್ನ ಪಾತ್ರವನ್ನು ಅಳತೆಯಲ್ಲಿಟ್ಟುಕೊಳ್ಳುವ ಕಲಾವಿದರಿದ್ದಾರೆ. ಕನ್ನಡದಲ್ಲಿ ಅವರನ್ನು ಪೋಷಕ ನಟರೆಂದು ಕರೆಯುವ ರೂಢಿ. ಈ ಮಾತು ಬಹು ಅರ್ಥವತ್ತಾದುದು. ಪೋಷಿಸುವವನೆಂದರೆ ಕೆಳಗಿನವನಲ್ಲ, ಬೆಳೆಸುವವನು. ಇನ್ನೊಬ್ಬರ ಪಾತ್ರವನ್ನು ಬೆಳೆಸುವ ಕೆಲಸದಲ್ಲಿ ಎಳೆತನವನ್ನೆಲ್ಲ ಕಳೆದ ಒಬ್ಬ ದೂರದರ್ಶನ ನಟನು ಮುಂದೆ ಕ್ಯಾಮರಾದ ಹಿಂದಕ್ಕೆ ಸರಿದು ಜಗತ್ತಿನ ಗಣ್ಯ ನಿರ್ದೇಶಕರಲ್ಲಿ ಒಬ್ಬನಾದ ಕಥೆ ಅಮೆರಿಕದ ರಾನ್ ಹೊವರ್ಡ್ ಅವರದು. ಎರಡನೆಯ ಸ್ಥಾನವು ಶಿಕ್ಷೆಯೋ ಶಿಕ್ಷಣವೋ ಎಂಬ ಪ್ರಶ್ನೆಗೆ ಆ ಜೀವನದಲ್ಲಿ ಒಂದು ಉತ್ತರವಿದೆ.

ತಂದೆಯ ಸಲಹೆ

ರಾನ್ ಹೊವರ್ಡ್ ಹುಟ್ಟಿದ್ದು 1954ರ ಮಾರ್ಚ್ 1ರಂದು, ಅಮೆರಿಕದ ಓಕ್ಲಹೋಮ ರಾಜ್ಯದ ಡಂಕನ್ ಎಂಬ ಊರಿನಲ್ಲಿ. ತಂದೆ ರ‍್ಯಾನ್ಸ್ ಹೊವರ್ಡ್ ಅದೇ ರಾಜ್ಯದ ಒಕ್ಕಲು ಮನೆತನದಿಂದ ಬಂದವರು. ನಟನಾಗಬೇಕೆಂಬ ಹಂಬಲದಿಂದ ಊರು ಬಿಟ್ಟವರು. ತಾಯಿ ಜೀನ್ ಸ್ಪೀಗಲ್ ಕೂಡ ನಟಿ. ಇಬ್ಬರಿಗೂ ದೊಡ್ಡ ಪಾತ್ರಗಳು ದೊರೆಯಲಿಲ್ಲ. 1958ರಲ್ಲಿ ಕುಟುಂಬವು ಕ್ಯಾಲಿಫೋರ್ನಿಯಾಕ್ಕೆ ಬಂದು ನೆಲೆಸಿತು. ಜೀನ್ ಅವರು ಮಕ್ಕಳ ಪಾಲನೆಗಾಗಿ ತಮ್ಮ ನಟನೆಯನ್ನು ಬದಿಗಿಟ್ಟರು. ತಂದೆಯು ಸಿಕ್ಕಿದ ಸಣ್ಣಪುಟ್ಟ ಪಾತ್ರಗಳನ್ನು ಮಾಡುತ್ತ ಹೋದರು.

1960ರ ಅಕ್ಟೋಬರಿನಲ್ಲಿ ‘ದಿ ಆಂಡಿ ಗ್ರಿಫಿತ್ ಷೋ’ ಎಂಬ ಧಾರಾವಾಹಿ ಆರಂಭವಾಯಿತು. ಮೇಬೆರಿ ಎಂಬ ಕಲ್ಪಿತ ಊರು. ಅಲ್ಲಿ ಆಂಡಿ ಎಂಬ ಸಾತ್ವಿಕನಾದ ಪೊಲೀಸ್ ಅಧಿಕಾರಿ. ತಾಯಿಯಿಲ್ಲದ ಅವನ ಮಗ ಓಪಿ. ಆ ಓಪಿಯ ಪಾತ್ರಕ್ಕೆ ಆರು ವರ್ಷದ ರಾನ್ ಆಯ್ಕೆಯಾದನು. ಧಾರಾವಾಹಿಯ ನಾಯಕ ಆಂಡಿ ಗ್ರಿಫಿತ್. ಹಾಸ್ಯದ ಭಾರ ಡಾನ್ ನಾಟ್ಸ್ ಅವರದು. ಬಾಲಕನದು ಪೋಷಕ ಪಾತ್ರ. ಎಂಟು ವರ್ಷ ನಡೆದು 1968ರಲ್ಲಿ ಮುಗಿಯುವ ಹೊತ್ತಿಗೆ ಅದರ 249 ಕಂತುಗಳು ಪ್ರಸಾರವಾಗಿದ್ದವು.

ಆ ಕಾಲದ ಹಾಸ್ಯ ಧಾರಾವಾಹಿಗಳಲ್ಲಿ ಮಕ್ಕಳೆಂದರೆ ಹಿರಿಯರಿಗೆ ತಿರುಗಿ ಮಾತನಾಡಿ ನಗೆ ಹುಟ್ಟಿಸುವ ಚತುರರು. ಓಪಿಯ ಪಾತ್ರವೂ ಮೊದಮೊದಲು ಅದೇ ಅಚ್ಚಿನಲ್ಲಿ ಬರುತ್ತಿತ್ತು. ರ‍್ಯಾನ್ಸ್ ಹೊವರ್ಡ್ ಅವರು ಆಂಡಿ ಗ್ರಿಫಿತ್ ಅವರಲ್ಲಿ ಒಂದು ಮಾತು ಹೇಳಿದರು: ಈ ಹುಡುಗ ತಂದೆಯನ್ನು ನಿಜವಾಗಿ ಗೌರವಿಸುವವನಾಗಿದ್ದರೆ ಹೇಗೆ? ಗ್ರಿಫಿತ್ ಅವರಿಗೆ ಆ ಮಾತು ಹಿಡಿಸಿತು. ತೆರೆಯ ಮೇಲಿನ ತಂದೆ ಮಕ್ಕಳ ಬಾಂಧವ್ಯಕ್ಕೆ ರ‍್ಯಾನ್ಸ್ ಮತ್ತು ರಾನ್ ಅವರ ಬಾಂಧವ್ಯವೇ ಮಾದರಿಯಾಯಿತು. ಈ ಸಂಗತಿ ರಾನ್ ಅವರಿಗೆ ತಿಳಿದದ್ದು ಬಹಳ ವರ್ಷಗಳ ನಂತರ, ಅದೂ ಗ್ರಿಫಿತ್ ಅವರ ಬಾಯಿಂದ. ತಂದೆ ತಾವಾಗಿ ಎಂದೂ ಹೇಳಿಕೊಂಡಿರಲಿಲ್ಲ. ಒಂದು ರಾಷ್ಟ್ರವೇ ಮೆಚ್ಚಿದ ಪಾತ್ರದ ಸ್ವರೂಪವನ್ನು ಬದಲಾಯಿಸಿದವನು ಎಲ್ಲಿಯೂ ಹೆಸರು ಬರೆಸಿಕೊಳ್ಳದೆ ಸುಮ್ಮನಿದ್ದನೆಂಬುದು ಗಮನಿಸತಕ್ಕ ಮಾತು.

ಬಾಲಕನಿಗೆ ಏಳು ವರ್ಷವಾಗಿದ್ದಾಗ ನಡೆದ ಇನ್ನೊಂದು ಪ್ರಸಂಗವನ್ನು ರಾನ್ ಅವರು ಹಲವು ಬಾರಿ ಸ್ಮರಿಸಿದ್ದಾರೆ. ಒಂದು ದೃಶ್ಯದ ಅಭ್ಯಾಸ ನಡೆಯುತ್ತಿದ್ದಾಗ, ತನ್ನ ವಯಸ್ಸಿನ ಹುಡುಗನು ಈ ಮಾತನ್ನು ಹೀಗೆ ಆಡುವುದಿಲ್ಲವೆಂದು ಅವನು ಹೇಳಿದನು. ಹಾಗಾದರೆ ಹೇಗೆ ಆಡುತ್ತಾನೋ ಹಾಗೆಯೇ ಆಡೆಂದು ನಿರ್ದೇಶಕರು ಒಪ್ಪಿದರು. ಹುಡುಗನು ಹಿಗ್ಗಿ ನಗುತ್ತ ನಿಂತದ್ದನ್ನು ಕಂಡು ಆಂಡಿ ಗ್ರಿಫಿತ್ ಕಾರಣ ಕೇಳಿದರು. ತನ್ನ ಸಲಹೆಯೊಂದನ್ನು ಇವರು ಒಪ್ಪಿದ್ದು ಇದೇ ಮೊದಲೆಂದು ಅವನು ಹೇಳಲು, ಉಪಯೋಗಕ್ಕೆ ಬರುವ ಸಲಹೆಯನ್ನು ನೀನು ಕೊಟ್ಟದ್ದೂ ಇದೇ ಮೊದಲೆಂದು ಗ್ರಿಫಿತ್ ಉತ್ತರಿಸಿದರಂತೆ. ಹಾಸ್ಯದಲ್ಲಿ ಆಡಿದ ಮಾತಾದರೂ ಅದರಲ್ಲಿ ಎರಡು ಪಾಠಗಳಿದ್ದವು. ಹೇಳಿದವರು ಚಿಕ್ಕವರೆಂದು ಒಳ್ಳೆಯ ಮಾತನ್ನು ತಳ್ಳಬಾರದು. ಹೇಳಿದವರು ನಮ್ಮವರೆಂದು ಜೊಳ್ಳು ಮಾತನ್ನು ಒಪ್ಪಬಾರದು. ಮುಂದೆ ನಿರ್ದೇಶಕನಾದವನ ಕಾರ್ಯಪದ್ಧತಿಗೆ ಅಡಿಗಲ್ಲು ಬಿದ್ದದ್ದು ಇಲ್ಲಿ ಎನ್ನಬಹುದು.

ಬರಿದಾದ ಪಂಜರ

ಆ ಧಾರಾವಾಹಿಯ ಒಂದು ಕಂತು ಅಹಿಂಸೆಯನ್ನು ಕುಲಧರ್ಮವೆಂದು ಬಗೆದ ಯಾವ ಮನೆಯವರಿಗಾದರೂ ಮನಮುಟ್ಟುವಂಥದು. 1963ರ ಸೆಪ್ಟೆಂಬರ್ 30ರಂದು ಪ್ರಸಾರವಾದ ಅದರ ಹೆಸರು ‘ಓಪಿ ದಿ ಬರ್ಡ್‌ಮನ್’. ಹುಡುಗನಿಗೆ ಹೊಸದಾಗಿ ಒಂದು ಕವಣೆ ಸಿಗುತ್ತದೆ. ಜೋಪಾನವೆಂದು ತಂದೆ ಎಚ್ಚರಿಸುತ್ತಾನೆ. ಆಟದ ಭರದಲ್ಲಿ ಹುಡುಗ ಎಸೆದ ಕಲ್ಲು ಒಂದು ತಾಯಿಹಕ್ಕಿಗೆ ತಾಗಿ ಅದು ಸತ್ತುಬೀಳುತ್ತದೆ. ಅದನ್ನು ಕೈಗೆತ್ತಿಕೊಂಡು, ಹಾರು ಹಾರೆಂದು ಬೇಡುವ ಬಾಲಕನ ಮುಖವನ್ನು ನೋಡಿದವರು ಮರೆಯುವುದು ಕಷ್ಟ. ಒಂಬತ್ತು ವರ್ಷದ ನಟನಲ್ಲಿ ಅಂಥ ಪಶ್ಚಾತ್ತಾಪ ಹೇಗೆ ಮೂಡಿತೆಂದು ಆಶ್ಚರ್ಯವಾಗುತ್ತದೆ.

ವಿಷಯ ತಿಳಿದ ತಂದೆ ಮಗನನ್ನು ಹೊಡೆಯುವುದಿಲ್ಲ. ಕೋಣೆಯ ಕಿಟಕಿಯನ್ನು ತೆರೆದಿಡುತ್ತಾನೆ. ಹೊರಗಿನ ಮರದಿಂದ, ಇನ್ನು ಬಾರದ ತಾಯಿಗಾಗಿ ಮರಿಗಳು ಕೂಗುವ ಸದ್ದು ಕೇಳಿಬರುತ್ತದೆ. ಆ ಕೂಗನ್ನು ಕೇಳುವುದೇ ದಂಡನೆ. ಮರುದಿನ ಹುಡುಗ ಮೂರು ಮರಿಗಳನ್ನೂ ತಂದು ಹೆಸರಿಟ್ಟು, ತಿನ್ನಿಸಿ, ಸಾಕುತ್ತಾನೆ. ಅವು ರೆಕ್ಕೆ ಬಲಿತು ದೊಡ್ಡವಾದಾಗ ಇನ್ನೂ ಕಠಿಣವಾದ ಪರೀಕ್ಷೆ ಎದುರಾಗುತ್ತದೆ. ಸಾಕಿದ ಮಮತೆಯಿಂದ ಪಂಜರದಲ್ಲಿಯೇ ಇಟ್ಟುಕೊಳ್ಳಬೇಕೋ, ಬಿಡಬೇಕೋ? ಒಂದೊಂದಾಗಿ ಬಿಟ್ಟುಬಿಡುತ್ತಾನೆ. ಪಂಜರ ಬರಿದಾಯಿತಲ್ಲವೇ ಎಂದು ಮಗ ಮರುಗಿದಾಗ, ಮರಗಳು ತುಂಬಿದವಲ್ಲವೇ ಎಂದು ತಂದೆ ಸಮಾಧಾನ ಹೇಳುತ್ತಾನೆ.

ಮಾಡಿದ ಹಿಂಸೆಯನ್ನು ಒಪ್ಪಿಕೊಳ್ಳುವುದು, ಅದರ ಫಲವನ್ನು ಕಿವಿಯಾರೆ ಕೇಳುವುದು, ಕೈಲಾದಷ್ಟು ತುಂಬಿಕೊಡುವುದು, ಕೊನೆಗೆ ತನ್ನದೆಂಬ ಹಿಡಿತವನ್ನೂ ಸಡಿಲಿಸುವುದು: ಪ್ರಾಯಶ್ಚಿತ್ತದ ಈ ನಾಲ್ಕು ಮೆಟ್ಟಿಲುಗಳನ್ನು ಅರ್ಧ ಗಂಟೆಯ ಆ ಕಂತು ಹತ್ತಿಸುತ್ತದೆ. ಅದನ್ನು ನಿರ್ದೇಶಿಸಿದವರು ರಿಚರ್ಡ್ ಕ್ರೆನಾ. ಅವರೂ ದೂರದರ್ಶನದ ಹಾಸ್ಯ ಧಾರಾವಾಹಿಗಳಲ್ಲಿ ಪೋಷಕ ನಟರಾಗಿ ದುಡಿದು ಬಂದವರೇ. ನಟನೊಬ್ಬನು ನಿರ್ದೇಶಕನಾಗಬಹುದೆಂಬುದಕ್ಕೆ ಬಾಲಕನ ಕಣ್ಣೆದುರಿಗೇ ನಿದರ್ಶನವಿತ್ತು.

ಮಗುವಿನ ದುಡಿಮೆ

ಮಗುವಿನ ಪ್ರತಿಭೆ ಹಣ ತರತೊಡಗಿದಾಗ ಮನೆಯವರ ಧರ್ಮವೇನು? ಅಮೆರಿಕದಲ್ಲಿ ಈ ಪ್ರಶ್ನೆ ನ್ಯಾಯಾಲಯದವರೆಗೂ ಹೋಗಿತ್ತು. ಚಾಪ್ಲಿನ್ ಅವರ 1921ರ ‘ದಿ ಕಿಡ್’ ಚಿತ್ರದಿಂದ ಜಗತ್ಪ್ರಸಿದ್ಧನಾದ ಜಾಕಿ ಕೂಗನ್ ಪ್ರಾಯಕ್ಕೆ ಬಂದಾಗ, ತಾನು ಗಳಿಸಿದ್ದೆಲ್ಲವೂ ತಾಯಿ ಮತ್ತು ಮಲತಂದೆಯ ಕೈಯಲ್ಲಿ ಬಹುಪಾಲು ಖರ್ಚಾಗಿಹೋಗಿರುವುದನ್ನು ಕಂಡನು. 1938ರಲ್ಲಿ ಅವನು ದಾವೆ ಹೂಡಿದ ಪರಿಣಾಮವಾಗಿ 1939ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಾಲಕಲಾವಿದರ ಗಳಿಕೆಯ ರಕ್ಷಣೆಗಾಗಿ ಅವನದೇ ಹೆಸರಿನ ಕಾಯಿದೆ ಬಂದಿತು. ಅದರಲ್ಲಿದ್ದ ಲೋಪಗಳನ್ನು ತುಂಬಿ, ಮಗುವಿನ ಗಳಿಕೆ ಮಗುವಿನದೇ ಸ್ವತ್ತೆಂದೂ ಶೇಕಡಾ 15ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿ ಕಾದಿರಿಸಬೇಕೆಂದೂ ವಿಧಿಸಿದ್ದು 2000ದಲ್ಲಿ ಜಾರಿಗೆ ಬಂದ ತಿದ್ದುಪಡಿ.

ಹೊವರ್ಡ್ ದಂಪತಿಗಳಿಗೆ ಕಾಯಿದೆಯ ಒತ್ತಾಯ ಬೇಕಾಗಲಿಲ್ಲ. ರಾನ್ ಮತ್ತು ಕಿರಿಯ ಮಗ ಕ್ಲಿಂಟ್ ಇಬ್ಬರೂ ಬಾಲನಟರಾಗಿ ಗಳಿಸುತ್ತಿದ್ದರೂ ಮನೆ ನಡೆಯುತ್ತಿದ್ದುದು ಸಾಧಾರಣ ರೀತಿಯಲ್ಲಿಯೇ. ಮಕ್ಕಳ ಹಣದಿಂದ ದೊಡ್ಡ ಬಂಗಲೆ ಏಳಲಿಲ್ಲ. ಗಳಿಕೆಯನ್ನು ಮಕ್ಕಳ ಭವಿಷ್ಯಕ್ಕಾಗಿ ಕಾಪಾಡಿದರು. ಚಿತ್ರೀಕರಣದ ದಿನಗಳಲ್ಲಿ ತಂದೆಯೇ ಪಕ್ಕದಲ್ಲಿರುತ್ತಿದ್ದರು. ಸಂಭಾಷಣೆಯನ್ನು ಗಿಳಿಪಾಠದಂತೆ ಒಪ್ಪಿಸುವ ಬದಲು ಅದರ ಹಿಂದಿನ ಭಾವವನ್ನು ತಿಳಿಯುವಂತೆ ಕಲಿಸುತ್ತಿದ್ದರು. ಧಾರಾವಾಹಿಯ ಕೆಲಸ ಇಲ್ಲದಾಗ ಹುಡುಗನು ಸಾಮಾನ್ಯ ಶಾಲೆಗೆ ಹೋಗಿ, ಓಪಿ ಎಂಬ ಹೆಸರಿಗೆ ಪ್ರಾಸ ಕಟ್ಟಿ ಛೇಡಿಸುವ ಹುಡುಗರ ನಡುವೆ ಓದಬೇಕಾಗಿತ್ತು.

ಇಷ್ಟು ಸುರಕ್ಷಿತವಾಗಿ ಬೆಳೆದವರು ತಮ್ಮ ಮಕ್ಕಳನ್ನೂ ಅದೇ ದಾರಿಗೆ ಹಚ್ಚಬೇಕಾಗಿತ್ತಲ್ಲವೇ? ರಾನ್ ಹಾಗೆ ಮಾಡಲಿಲ್ಲ. ಮಕ್ಕಳು ಎಳೆಯರಾಗಿರುವಾಗ ವೃತ್ತಿನಟನೆಗೆ ಕಳುಹಿಸುವುದಿಲ್ಲವೆಂದು ಅವರೂ ಪತ್ನಿ ಷೆರಿಲ್ ಅವರೂ ನಿಶ್ಚಯಿಸಿದರು. ಮಗಳು ಬ್ರೈಸ್ ಡಲ್ಲಾಸ್ ಹೊವರ್ಡ್ ಪ್ರಾಯಕ್ಕೆ ಬಂದ ಮೇಲೆಯೇ ನಟಿಯಾಗಿ, ಅನಂತರ ನಿರ್ದೇಶಕಿಯಾಗಿ ಹೆಸರು ಮಾಡಿದ್ದು. ತನಗೆ ಒಳಿತಾದ ದಾರಿ ಎಲ್ಲರಿಗೂ ಒಳಿತನ್ನೇ ಮಾಡುತ್ತದೆಂದು ಬಗೆಯದಿರುವುದು ವಿವೇಕದ ಲಕ್ಷಣ. ಬಾಲ್ಯದಲ್ಲಿ ಚಪ್ಪಾಳೆಯ ರುಚಿ ಕಂಡ ಎಷ್ಟೋ ಮಕ್ಕಳು ಆ ಸದ್ದು ನಿಂತಾಗ ಕುಸಿದುಹೋದದ್ದನ್ನು ಅವರು ಹತ್ತಿರದಿಂದ ನೋಡಿದ್ದರು. ತಮ್ಮ ಕ್ಲಿಂಟ್ ಅವರೂ ವ್ಯಸನಕ್ಕೆ ಸಿಲುಕಿ, ಬಹು ಕಷ್ಟದಿಂದ ಅದನ್ನು ಗೆದ್ದು ಬಂದವರು. ಆ ಸಂಗತಿಯನ್ನು ಅಣ್ಣತಮ್ಮಂದಿರು ಕೂಡಿ 2021ರಲ್ಲಿ ಪ್ರಕಟಿಸಿದ ‘ದಿ ಬಾಯ್ಸ್’ ಎಂಬ ಸ್ಮೃತಿಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ.

ನಾಯಕನು ಬದಿಗೆ ಸರಿದಾಗ

1973ರಲ್ಲಿ ಜಾರ್ಜ್ ಲ್ಯೂಕಸ್ ಅವರ ‘ಅಮೆರಿಕನ್ ಗ್ರಾಫಿಟಿ’ ಚಿತ್ರದಲ್ಲಿ ರಾನ್ ಅಭಿನಯಿಸಿದರು. 1974ರ ಜನವರಿಯಲ್ಲಿ ‘ಹ್ಯಾಪಿ ಡೇಸ್’ ಧಾರಾವಾಹಿ ಆರಂಭವಾಯಿತು. ಅದರಲ್ಲಿ ಅವರದು ರಿಚಿ ಕನ್ನಿಂಗ್‌ಹ್ಯಾಮ್ ಎಂಬ ಸಭ್ಯ ಯುವಕನ ಪಾತ್ರ. ಆ ಮಟ್ಟಿಗೆ ಅವರೇ ಕಥಾನಾಯಕರು. ಆದರೆ ಹೆನ್ರಿ ವಿಂಕ್ಲರ್ ವಹಿಸಿದ್ದ ಫಾನ್ಜಿ ಎಂಬ ಸಣ್ಣ ಪಾತ್ರವು ನೋಡನೋಡುತ್ತಿದ್ದಂತೆ ಜನರ ಮನಸ್ಸನ್ನು ಸೂರೆಗೊಂಡಿತು. ಚರ್ಮದ ಅಂಗಿ ತೊಟ್ಟು ಮೋಟಾರ್ ಸೈಕಲ್ ಏರಿ ಬರುವ ಫಾನ್ಜಿಯೇ ಧಾರಾವಾಹಿಯ ಜೀವವಾದನು. ಬರಬರುತ್ತ ರಿಚಿಯು ತನ್ನದೇ ಕಥೆಯಲ್ಲಿ ಎರಡನೆಯವನಾದನು. ಧಾರಾವಾಹಿಯ ಹೆಸರಿನಲ್ಲಿಯೇ ಫಾನ್ಜಿಯನ್ನು ಸೇರಿಸಬೇಕೆಂದು ಪ್ರಸಾರ ಸಂಸ್ಥೆಯವರು ಯೋಚಿಸುವವರೆಗೂ ಮಾತು ಬೆಳೆಯಿತು.

ಪೋಷಕ ಪಾತ್ರಕ್ಕೆಂದು ಬಂದು ಪೋಷಕನಾಗಿರುವುದು ಒಂದು ಬಗೆ. ನಾಯಕನೆಂದು ಕರೆಸಿಕೊಂಡು ಬಂದು ಎಲ್ಲರ ಕಣ್ಣೆದುರಿಗೆ ಬದಿಗೆ ಸರಿಯಬೇಕಾಗಿ ಬರುವುದು ಇನ್ನೊಂದು ಬಗೆ. ಮಾನಕ್ಕೆ ಪೆಟ್ಟು ಬೀಳುವುದು ಎರಡನೆಯದರಲ್ಲಿ. ಇದು ತಮಗೆ ನೋವು ತಂದಿತ್ತೆಂದು ರಾನ್ ಅವರು ಮರೆಮಾಚಿಲ್ಲ. ಹೆಸರು ಬದಲಾಯಿಸುವುದಾದರೆ ತಾವು ಧಾರಾವಾಹಿಯನ್ನು ಬಿಟ್ಟು ಚಲನಚಿತ್ರ ಶಿಕ್ಷಣಕ್ಕೆ ಮರಳುವುದಾಗಿ ಅವರು ತಿಳಿಸಿದರು, ನಿರ್ಮಾಪಕ ಗ್ಯಾರಿ ಮಾರ್ಷಲ್ ಅವರ ಪರವಾಗಿ ನಿಂತರು, ಹೆಸರು ಬದಲಾಗಲಿಲ್ಲ. ನ್ಯಾಯವಾದುದನ್ನು ಕೇಳುವುದು ಮಾನಕಷಾಯವಲ್ಲ. ಇನ್ನೊಬ್ಬನ ಏಳಿಗೆಯನ್ನು ಸಹಿಸಲಾರದೆ ಒಳಗೊಳಗೇ ಬೇಯುವುದು ಕಷಾಯ. ಆ ಬೇಗೆ ಇಲ್ಲಿ ಕಾಣುವುದಿಲ್ಲ. ವಿಂಕ್ಲರ್ ಮತ್ತು ರಾನ್ ಅವರ ಸ್ನೇಹ ಕೆಡಲಿಲ್ಲ. ಫಾನ್ಜಿಯ ಕೀರ್ತಿಯಲ್ಲಿ ಪಾಲು ಕೇಳದೆ, ತಮ್ಮ ಪಾತ್ರವನ್ನು ಕಡಿಮೆ ಶ್ರದ್ಧೆಯಿಂದ ಮಾಡದೆ, ರಾನ್ 1980ರವರೆಗೂ ಆ ಧಾರಾವಾಹಿಯಲ್ಲಿ ದುಡಿದರು. 1982ರಲ್ಲಿ ತಮ್ಮ ನಿರ್ದೇಶನದ ‘ನೈಟ್ ಷಿಫ್ಟ್’ ಎಂಬ ಹಾಸ್ಯಚಿತ್ರಕ್ಕೆ ಮುಖ್ಯ ನಟನಾಗಿ ಅವರು ಆರಿಸಿಕೊಂಡದ್ದು ಇದೇ ವಿಂಕ್ಲರ್ ಅವರನ್ನು. ಮಗಳು ಬ್ರೈಸ್ ಹುಟ್ಟಿದಾಗ ತಮ್ಮ ಧರ್ಮದ ಪದ್ಧತಿಯಂತೆ ಧರ್ಮಪಿತನ ಸ್ಥಾನವನ್ನು ಕೊಟ್ಟದ್ದೂ ಅವರಿಗೇ.

ಕ್ಯಾಮರಾದ ಹಿಂದೆ

ನಿರ್ದೇಶಕನಾಗಬೇಕೆಂಬ ಬಯಕೆ ಹುಡುಗತನದಿಂದಲೇ ಇತ್ತು. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಚಲನಚಿತ್ರ ಶಿಕ್ಷಣಕ್ಕೆ ಸೇರಿದ್ದರೂ ಪದವಿ ಪೂರೈಸಲಾಗಲಿಲ್ಲ. ಕಿರುತೆರೆಯ ನಟನನ್ನು ನಂಬಿ ಚಿತ್ರವೊಂದನ್ನು ಕೈಗೊಪ್ಪಿಸುವವರು ಆಗ ಇರಲಿಲ್ಲ. ಕಡಿಮೆ ಖರ್ಚಿನ ಚಿತ್ರಗಳಿಗೆ ಹೆಸರಾದ ರಾಜರ್ ಕಾರ್ಮನ್ ಒಂದು ಒಪ್ಪಂದ ಮುಂದಿಟ್ಟರು. ತಮ್ಮದೊಂದು ಚಿತ್ರದಲ್ಲಿ ನಟಿಸಿದರೆ ಮುಂದಿನದನ್ನು ನಿರ್ದೇಶಿಸುವ ಅವಕಾಶ. ಹಾಗೆ 1977ರಲ್ಲಿ, 23ನೆಯ ವಯಸ್ಸಿನಲ್ಲಿ, ಸುಮಾರು 6 ಲಕ್ಷ ಡಾಲರುಗಳ ವೆಚ್ಚದಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೋ’ ತಯಾರಾಯಿತು. ಚಿತ್ರಕಥೆಯನ್ನು ತಂದೆಯೂ ಮಗನೂ ಕೂಡಿ ಬರೆದಿದ್ದರು.

1980ರಲ್ಲಿ ‘ಸ್ಕೈವರ್ಡ್’ ಎಂಬ ದೂರದರ್ಶನ ಚಿತ್ರ. ಗಾಲಿಕುರ್ಚಿಯಲ್ಲಿರುವ ಬಾಲೆಯೊಬ್ಬಳು ವಿಮಾನ ಹಾರಿಸಲು ಕಲಿಯುವ ಕಥೆ. ಆ ಪಾತ್ರವನ್ನು ನಿಜಜೀವನದಲ್ಲಿಯೂ ಗಾಲಿಕುರ್ಚಿ ಬಳಸುತ್ತಿದ್ದ ಬಾಲಕಿಗೇ ಕೊಡಲಾಯಿತು. ಹಿರಿಯ ಪಾತ್ರದಲ್ಲಿ 72 ವರ್ಷದ ಬೆಟಿ ಡೇವಿಸ್, ಹಾಲಿವುಡ್ಡಿನ ಮಹಾನಟಿ. ಆಕೆಗೆ 26 ವರ್ಷದ ಈ ನಿರ್ದೇಶಕನ ಮೇಲೆ ಭರವಸೆ ಇರಲಿಲ್ಲ. ಹೆಸರು ಹಿಡಿದು ಕರೆಯಬಹುದೆಂದು ರಾನ್ ಹೇಳಿದರೂ, ನೀನು ನನಗೆ ಹಿಡಿಸುತ್ತೀಯೋ ಇಲ್ಲವೋ ತಿಳಿಯುವವರೆಗೆ ಮಿಸ್ಟರ್ ಹೊವರ್ಡ್ ಎಂದೇ ಕರೆಯುವೆನೆಂದರಂತೆ. ಮೊದಲ ದಿನದ ಚಿತ್ರೀಕರಣದಲ್ಲಿ ಆಕೆ ಕೇಳಿದ್ದಕ್ಕೆಲ್ಲ ರಾನ್ ತಾಳ್ಮೆಯಿಂದ ಉತ್ತರಿಸಿ, ಬೇಕಾದ ಬದಲಾವಣೆ ಸೂಚಿಸಿದರು. ಸಂಜೆ ಹೊರಡುವಾಗ ಆಕೆಯ ಬಾಯಲ್ಲಿ ‘ರಾನ್’ ಎಂಬ ಹೆಸರು ಬಂದಿತು. ಅಗೌರವಕ್ಕೆ ಪ್ರತಿಯಾಗಿ ಅಧಿಕಾರವನ್ನು ತೋರಿಸದೆ ಕೆಲಸವನ್ನು ತೋರಿಸಿದ್ದರಿಂದ ಆದ ಗೆಲುವು ಇದು.

ನಟರ ನಡುವೆ ಬೆಳೆದ ಈ ನಿರ್ದೇಶಕರು ಒಂದು ನಿಯಮ ಇಟ್ಟುಕೊಂಡಿದ್ದಾರೆ. ತಮ್ಮ ಯೋಚನೆಯೂ ಸಹೋದ್ಯೋಗಿಯ ಯೋಚನೆಯೂ ಸಮತೂಕದವಾಗಿದ್ದರೆ ಸಹೋದ್ಯೋಗಿಯದನ್ನೇ ಒಪ್ಪುವುದು. ಎರಡರಲ್ಲಿ ಯಾವುದಾದರೂ ಕೆಲಸ ಆಗುವುದಾದರೆ ತನ್ನದೇ ನಡೆಯಬೇಕೆಂಬ ಹಟ ಏಕೆ? ತನ್ನ ಮಾತು ನಡೆಯಿತೆಂಬ ತೃಪ್ತಿಯಿಂದ ಆ ವ್ಯಕ್ತಿ ಇನ್ನಷ್ಟು ಮನಸ್ಸಿಟ್ಟು ದುಡಿಯುತ್ತಾನೆ. ಸಂಸ್ಥೆ, ಸಮಿತಿಗಳನ್ನು ನಡೆಸುವ ಯಾರೂ ಈ ನಿಯಮವನ್ನು ಒಂದು ವರ್ಷ ಪಾಲಿಸಿ ನೋಡಬಹುದು.

ಇಂಥವರ ಕೈಕೆಳಗೆ ಪೋಷಕ ನಟರು ಬೆಳಗಿದ್ದರಲ್ಲಿ ಆಶ್ಚರ್ಯವಿಲ್ಲ. ವೃದ್ಧರ ಆಸೆ, ಮರಣಭಯಗಳನ್ನು ಕುರಿತ 1985ರ ‘ಕಕೂನ್’ ಚಿತ್ರದ ಅಭಿನಯಕ್ಕಾಗಿ, 77ರ ಮುಪ್ಪಿನಲ್ಲಿದ್ದ ಡಾನ್ ಅಮೀಚಿ ಅತ್ಯುತ್ತಮ ಪೋಷಕ ನಟ ಆಸ್ಕರ್ ಪಡೆದರು. 2001ರ ‘ಎ ಬ್ಯೂಟಿಫುಲ್ ಮೈಂಡ್’ ಚಿತ್ರಕ್ಕಾಗಿ ಜೆನಿಫರ್ ಕಾನೆಲಿ ಅತ್ಯುತ್ತಮ ಪೋಷಕ ನಟಿ ಎನಿಸಿದರು.

1995ರ ‘ಅಪೊಲೊ 13’ ಚಿತ್ರದಲ್ಲಿ ಪೋಷಕರ ಮಹಿಮೆಯೇ ವಸ್ತುವಾಯಿತು. 1970ರ ಏಪ್ರಿಲ್ 11ರಂದು ಚಂದ್ರನತ್ತ ಹೊರಟ ನೌಕೆಯ ಆಮ್ಲಜನಕದ ತೊಟ್ಟಿ ಎರಡು ದಿನಗಳಲ್ಲಿ ಸಿಡಿದು, ಮೂವರು ಯಾತ್ರಿಗಳ ಪ್ರಾಣ ತೂಗುಯ್ಯಾಲೆಯಲ್ಲಿ ಸಿಲುಕಿತು. ಏಪ್ರಿಲ್ 17ರಂದು ಅವರು ಸುರಕ್ಷಿತವಾಗಿ ಹಿಂದಿರುಗಿದ್ದು ಹ್ಯೂಸ್ಟನ್ ನಗರದ ನಿಯಂತ್ರಣ ಕೇಂದ್ರದಲ್ಲಿ ನಿದ್ದೆಗೆಟ್ಟು ದುಡಿದ ನೂರಾರು ಮಂದಿಯಿಂದ. ಕೆನ್ ಮ್ಯಾಟಿಂಗ್ಲಿ ಎಂಬ ಗಗನಯಾತ್ರಿಗೆ ರುಬೆಲ್ಲಾ ಸೋಂಕು ತಗುಲಿರಬಹುದೆಂಬ ಶಂಕೆಯಿಂದ ಕೊನೆಯ ಗಳಿಗೆಯಲ್ಲಿ ಪ್ರಯಾಣ ತಪ್ಪಿತ್ತು. ಹಿಂದೆ ಉಳಿದ ಆತನೇ ಭೂಮಿಯಲ್ಲಿದ್ದುಕೊಂಡು ಗೆಳೆಯರನ್ನು ಮರಳಿ ತರುವ ಕೆಲಸಕ್ಕೆ ನೆರವಾದನು. ತೂಕರಹಿತ ಸ್ಥಿತಿಯ ದೃಶ್ಯಗಳಿಗಾಗಿ ರಾನ್ ಮತ್ತು ತಂಡದವರು ಅಮೆರಿಕದ ಬಾಹ್ಯಾಕಾಶ ಸಂಸ್ಥೆಯ ವಿಮಾನದಲ್ಲಿ 600ಕ್ಕೂ ಹೆಚ್ಚು ಬಾರಿ ಮೇಲೇರಿ ಇಳಿದರು. ಒಂದೊಂದು ಬಾರಿಗೆ ಸಿಗುತ್ತಿದ್ದುದು ಸುಮಾರು 25 ಸೆಕೆಂಡುಗಳ ಅವಕಾಶ ಮಾತ್ರ. ಆ ಚಿತ್ರಕ್ಕೆ ಒಂಬತ್ತು ಆಸ್ಕರ್ ನಾಮಕರಣಗಳು ಬಂದವು. ನಿರ್ದೇಶಕರ ಪಟ್ಟಿಯಲ್ಲಿ ಮಾತ್ರ ರಾನ್ ಹೊವರ್ಡ್ ಹೆಸರಿರಲಿಲ್ಲ. ಅಮೆರಿಕದ ನಿರ್ದೇಶಕರ ಸಂಘ ಅದೇ ವರ್ಷ ಅವರಿಗೆ ತನ್ನ ಶ್ರೇಷ್ಠ ಪ್ರಶಸ್ತಿ ಕೊಟ್ಟಿತ್ತು.

ಸತ್ಯವೂ ಕರುಣೆಯೂ

ಆ ಹೆಸರು ಪಟ್ಟಿಗೆ ಬಂದದ್ದು ‘ಎ ಬ್ಯೂಟಿಫುಲ್ ಮೈಂಡ್’ ಚಿತ್ರದಿಂದ. ಅದು ನಾಲ್ಕು ಆಸ್ಕರ್‌ಗಳನ್ನು ಗಳಿಸಿತು; ಅತ್ಯುತ್ತಮ ಚಿತ್ರ, ಅತ್ಯುತ್ತಮ ನಿರ್ದೇಶನಗಳೂ ಅದರಲ್ಲಿ ಸೇರಿದ್ದವು. ಆದರೆ ನೀತಿಯ ದೃಷ್ಟಿಯಿಂದ ಅತ್ಯಂತ ಕಠಿಣವಾದ ಪ್ರಶ್ನೆ ಎದ್ದದ್ದೂ ಆ ಚಿತ್ರದಿಂದಲೇ.

ಅದು ಗಣಿತಜ್ಞ ಜಾನ್ ನ್ಯಾಶ್ (1928-2015) ಅವರ ಜೀವನವನ್ನು ಆಧರಿಸಿದ್ದು. ಯೌವನದಲ್ಲಿಯೇ ಸ್ಕಿಜೋಫ್ರೇನಿಯಾ ಎಂಬ ಮನೋರೋಗಕ್ಕೆ ತುತ್ತಾಗಿ, ದಶಕಗಳ ನಂತರ ಚೇತರಿಸಿಕೊಂಡು, 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದವರು ಅವರು. ಚಿತ್ರದಲ್ಲಿ ಅವರಿಗೆ ಇಲ್ಲದ ವ್ಯಕ್ತಿಗಳು ಕಣ್ಣಿಗೆ ಕಾಣುತ್ತಾರೆ. ನಿಜವಾಗಿ ಅವರನ್ನು ಕಾಡಿದ್ದು ಕಿವಿಗೆ ಕೇಳುವ ಧ್ವನಿಗಳು. 1963ರಲ್ಲಿ ಅವರ ಪತ್ನಿ ವಿಚ್ಛೇದನ ಪಡೆದದ್ದನ್ನು ಚಿತ್ರ ಹೇಳುವುದಿಲ್ಲ. ನೈಜ ವ್ಯಕ್ತಿಯ ಹೆಸರಿಟ್ಟು ಜೀವನವನ್ನು ಬದಲಾಯಿಸುವುದು ಸರಿಯೇ ಎಂದು ಹಲವರು ಆಕ್ಷೇಪಿಸಿದರು. ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ.

ಒಂದು ಬದಲಾವಣೆಯನ್ನು ಮಾತ್ರ ಪ್ರತ್ಯೇಕವಾಗಿ ವಿಚಾರಿಸಬೇಕು. ನ್ಯಾಶ್ 1970ರ ನಂತರ ಔಷಧಿ ಸೇವಿಸಲಿಲ್ಲ. ಚಿತ್ರದಲ್ಲಾದರೋ ಅವರು ಹೊಸ ಔಷಧಿಗಳನ್ನು ತೆಗೆದುಕೊಳ್ಳುತ್ತಿರುವುದಾಗಿ ಹೇಳುವ ಮಾತಿದೆ. ಇದು ಸುಳ್ಳು. ಚಿತ್ರವನ್ನು ನೋಡಿದ ರೋಗಿಗಳು ತಾವೂ ಔಷಧಿ ಬಿಟ್ಟುಬಿಟ್ಟಾರೆಂಬ ಆತಂಕದಿಂದ ಚಿತ್ರಕಥೆ ಬರೆದವರು ಹೀಗೆ ಮಾಡಿದರೆಂದು ನ್ಯಾಶ್ ಅವರೇ ಆಮೇಲೆ ಹೇಳಿದ್ದಾರೆ. ಪ್ರಾಣಕ್ಕೆ ಕೇಡು ತರುವ ನುಡಿ ನಿಜವಾಗಿದ್ದರೂ ನುಡಿಯತಕ್ಕುದಲ್ಲವೆಂಬ ವಿಚಾರ ಶ್ರಾವಕರ ಮನೆಗಳಲ್ಲಿ ಹೊಸದಲ್ಲ. ಸತ್ಯವ್ರತವು ಅಹಿಂಸೆಯ ಕಾವಲಿಗಿರುವುದೆಂಬ ತಿಳಿವಳಿಕೆ ಅಲ್ಲಿದೆ. ಆದರೆ ನುಡಿಯದೆ ಮೌನವಾಗಿರುವುದು ಬೇರೆ, ಇಲ್ಲದ್ದನ್ನು ಒಬ್ಬನ ಬಾಯಿಗೆ ಹಾಕುವುದು ಬೇರೆ. ಔಷಧಿಯ ಮಾತನ್ನೇ ಎತ್ತದೆ ಇರಬಹುದಾಗಿತ್ತು. ಉದ್ದೇಶದಲ್ಲಿ ಕರುಣೆಯಿದ್ದಿತು, ಮಾರ್ಗದಲ್ಲಿ ದೋಷವಿದ್ದಿತು. ಸಜ್ಜನರ ಕೆಲಸವನ್ನು ತೂಗುವಾಗ ಎರಡನ್ನೂ ನೋಡಬೇಕಾಗುತ್ತದೆ.

ಅವರ ಚಿತ್ರಗಳಲ್ಲಿ ಸೋತವೂ ಉಂಟು. ಬೇರೆ ನಿರ್ದೇಶಕರನ್ನು ಬಿಡಿಸಿದ ಮೇಲೆ ಮಧ್ಯದಲ್ಲಿ ಕೈಗೆತ್ತಿಕೊಂಡು ಮುಗಿಸಿದ 2018ರ ‘ಸೋಲೋ’ ನಿರೀಕ್ಷಿಸಿದಷ್ಟು ಹಣ ತರಲಿಲ್ಲ. ಅವರ ಚಿತ್ರಗಳು ತೀರ ಮೃದುವೆಂದು, ಲೋಕದ ಕ್ರೌರ್ಯವನ್ನು ಪೂರ್ತಿ ಕಾಣಿಸುವುದಿಲ್ಲವೆಂದು ಹೇಳುವ ವಿಮರ್ಶಕರಿದ್ದಾರೆ. ಅದಕ್ಕೆ ಮಾತಿನಿಂದಲ್ಲ, 2022ರ ‘ಥರ್ಟೀನ್ ಲೈವ್ಸ್’ ಚಿತ್ರದಿಂದ ಉತ್ತರ ಬಂದಿತೆನ್ನಬಹುದು. 2018ರ ಜೂನ್ 23ರಂದು ಥೈಲೆಂಡಿನ ಗುಹೆಯೊಂದರಲ್ಲಿ 12 ಬಾಲಕರೂ ಅವರ ಕ್ರೀಡಾ ತರಬೇತುದಾರನೂ ಮಳೆನೀರಿನಿಂದ ಸಿಕ್ಕಿಬಿದ್ದರು. ಜುಲೈ 10ರ ಹೊತ್ತಿಗೆ 13 ಜನರೂ ಹೊರಬಂದರು. ರಕ್ಷಣೆಗೆ ಹೋದ ಥಾಯ್ ಮುಳುಗುಗಾರ ಸಮಾನ್ ಕುನಾನ್ ಪ್ರಾಣ ತೆತ್ತರು. ಆ ಚಿತ್ರದಲ್ಲಿ ಒಬ್ಬನೇ ನಾಯಕನಿಲ್ಲ. ಗುಹೆಯ ನೀರನ್ನು ಬೇರೆಡೆಗೆ ತಿರುಗಿಸಲು ತಮ್ಮ ಬತ್ತದ ಗದ್ದೆಗಳು ಮುಳುಗುವುದಕ್ಕೆ ಒಪ್ಪಿದ ರೈತರಿಗೂ ಅಲ್ಲಿ ಸ್ಥಾನವಿದೆ. ಯಾರ ಮಕ್ಕಳೋ ಬದುಕಲೆಂದು ನಿಂತ ಬೆಳೆಯನ್ನು ಬಿಟ್ಟುಕೊಟ್ಟ ಅವರ ಹೆಸರನ್ನು ಜಗತ್ತು ಕೇಳಲಿಲ್ಲ.

ಹೆಸರಿಲ್ಲದ ಪಾಲು

ಹಾಲಿವುಡ್ಡಿನ ಕೀರ್ತಿಪಥದಲ್ಲಿ ರಾನ್ ಹೊವರ್ಡ್ ಅವರಿಗೆ ಎರಡು ನಕ್ಷತ್ರಗಳಿವೆ. 1981ರದು ದೂರದರ್ಶನಕ್ಕಾಗಿ, 2015ರದು ಚಲನಚಿತ್ರಕ್ಕಾಗಿ. 2003ರಲ್ಲಿ ಅಮೆರಿಕ ಸರ್ಕಾರದ ರಾಷ್ಟ್ರೀಯ ಕಲಾಪದಕವೂ ಬಂದಿತು.

ರ‍್ಯಾನ್ಸ್ ಹೊವರ್ಡ್ ಅವರಾದರೋ ಕೊನೆಯವರೆಗೂ ಸಣ್ಣ ಪಾತ್ರಗಳ ನಟರಾಗಿಯೇ ಉಳಿದರು. ಆರು ದಶಕಗಳಿಗೂ ಮಿಕ್ಕಿದ ಅವರ ವೃತ್ತಿಜೀವನದಲ್ಲಿ ನಾಯಕಪಾತ್ರದ ಯೋಗ ಕೂಡಿಬಂದದ್ದು ತೀರ ವಿರಳ. ‘ಅಪೊಲೊ 13’ ಚಿತ್ರದಲ್ಲಿ ಅವರು ಒಬ್ಬ ಪಾದ್ರಿಯಾಗಿ, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ನಟನೆಗೆ ಬಂದ ಜೀನ್ ಅವರು ಗಗನಯಾತ್ರಿ ಲೊವೆಲ್ ಅವರ ವೃದ್ಧ ತಾಯಿಯಾಗಿ, ಕ್ಲಿಂಟ್ ನಿಯಂತ್ರಣ ಕೇಂದ್ರದ ಸಿಬ್ಬಂದಿಯಲ್ಲಿ ಒಬ್ಬರಾಗಿ ಕಾಣಿಸಿಕೊಂಡರು. ಹಿಂದೆ ಮೊದಲ ಅವಕಾಶ ಕೊಟ್ಟಿದ್ದ ಕಾರ್ಮನ್ ಅವರಿಗೂ ಅದರಲ್ಲಿ ಒಂದು ಸಣ್ಣ ಪಾತ್ರವಿತ್ತು. ಜೀನ್ ಅವರು 2000ದಲ್ಲಿ ತೀರಿಕೊಂಡರು. 2002ರ ಮಾರ್ಚಿನಲ್ಲಿ ಆಸ್ಕರ್ ಸ್ವೀಕರಿಸುವಾಗ ಮಗನು ತಾಯಿಯನ್ನು ನೆನೆದರು. ರ‍್ಯಾನ್ಸ್ 2017ರ ನವೆಂಬರಿನಲ್ಲಿ, 89ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು.

ಮಗನ ಕೀರ್ತಿ ತನ್ನನ್ನು ಮೀರಿ ಬೆಳೆಯುವಾಗ ಅಸೂಯೆಪಡದ ತಂದೆಯರು ಬಹಳ ಮಂದಿ. ಆದರೆ ಮಗನ ಕೀರ್ತಿಯನ್ನು ತನ್ನದೆಂದು ಹೇಳಿಕೊಳ್ಳದ ತಂದೆಯರು ವಿರಳ. ರ‍್ಯಾನ್ಸ್ ಅವರು ಓಪಿಯ ಪಾತ್ರ ತಿದ್ದಿದ ಸಂಗತಿಯನ್ನು ಮಗನಿಗೂ ಹೇಳದೆ ಇದ್ದವರು. ಮಗನಲ್ಲಿ ಜನರು ಮೆಚ್ಚಿದ ತಾಳ್ಮೆ, ಕಿವಿಗೊಡುವ ಗುಣ, ಇನ್ನೊಬ್ಬರಿಗೆ ಎಡೆ ಬಿಡುವ ಸ್ವಭಾವ ಇವೆಲ್ಲ ಶಾಲೆಯಲ್ಲಿ ಕಲಿತವಲ್ಲ. ಮನೆಯಲ್ಲಿ ನಿತ್ಯ ನೋಡಿ ಬಂದವು. ಮಕ್ಕಳನ್ನು ವೇದಿಕೆಗೆ ಹತ್ತಿಸಲು ಇಂದಿನ ತಾಯಿತಂದೆಯರು ಪಡುವ ಶ್ರಮ ಅಲ್ಪವಲ್ಲ. ವೇದಿಕೆಯಿಂದ ಇಳಿದಾಗಲೂ, ಇನ್ನೊಬ್ಬ ಮಗುವಿಗೆ ಬಹುಮಾನ ಬಂದಾಗಲೂ ಮನಸ್ಸು ಕೆಡದಂತೆ ಬೆಳೆಸಲು ಅಷ್ಟೇ ಶ್ರಮ ಬೇಕು. ಅದು ಉಪದೇಶದಿಂದ ಬರುವಂಥದಲ್ಲ. ಮನೆಯ ಹಿರಿಯರು ತಮ್ಮ ಪಾಲಿಗೆ ಬಂದ ಸಣ್ಣ ಪಾತ್ರವನ್ನು ಹೇಗೆ ನಿರ್ವಹಿಸುತ್ತಾರೆಂಬುದನ್ನು ಮಕ್ಕಳು ಸದಾ ನೋಡುತ್ತಿರುತ್ತಾರೆ.